ಮೆಟ್ಟಿಲ ಮುಂದೆ ನಿಲ್ಲಿಸಿ ಕಳಿಸಿದವರು

ಹಾಸನದಲ್ಲಿ ನಾವು ಫುಟ್‌ಬಾಲ್ ನೋಡುವ ಮೈದಾನದ ಪಶ್ಚಿಮಕ್ಕೆ ಒಂದಷ್ಟು ಸಿಮೆಂಟ್ ಮೆಟ್ಟಿಲುಗಳಿವೆ. ಮಧ್ಯಾಹ್ನ ಇಳಿದ ಮೇಲೆ ಹಿಂದಿನ ಕಟ್ಟಡದ ನೆರಳು ಅಲ್ಲಿಗೆ ಬೀಳುತ್ತದೆ. ನೆರಳಿಗೋಸ್ಕರ ಕೂರಲು ಶುರು ಮಾಡಿದ ಜಾಗ, ಈಗ ನಮ್ಮ ಕ್ಲಬ್ಬಿನ ಹೈಕೋರ್ಟು. ಆಟ ಮುಗಿದ ಮೇಲೆ, ಗೆದ್ದಿರಲಿ ಸೋತಿರಲಿ, ಕೋಚ್ ಆದವರು ಆ ಮೆಟ್ಟಿಲ ಮುಂದೆ ಬಂದು ನಿಲ್ಲಬೇಕು. ಅವನನ್ನು ಯಾಕೆ ಹೊರಗೆ ಕರೆದಿರಿ, ಇವನನ್ನು ಯಾಕೆ ಆಡಿಸಿದಿರಿ, ಎಲ್ಲಕ್ಕೂ ಉತ್ತರ ಕೊಟ್ಟು ಹೋಗಬೇಕು. ಬೇರೆ ಊರಲ್ಲಿ ಈ ಪದ್ಧತಿ ಇದೆಯೋ ಇಲ್ಲವೋ ನನಗೆ ಗೊತ್ತಿಲ್ಲ. ನಮ್ಮಲ್ಲಿದೆ. ಈ ಪದ್ಧತಿಯಿಂದಲೇ ಒಬ್ಬ ಒಳ್ಳೆಯ ಕೋಚನ್ನು ನಾವು ಕಳೆದುಕೊಂಡೆವು, ಅದೂ ನನ್ನ ಕಣ್ಣೆದುರೇ, ನಾನು ಬೇಡ ಬೇಡ ಅನ್ನುತ್ತಿದ್ದಾಗಲೇ.

ನಾನು ಆ ಮೆಟ್ಟಿಲಿಗೆ ಹಳಬ. ಊರು ಅರಕಲಗೂಡು ಕಡೆ. ಅಪ್ಪ ಹಾಸನದ ಆಲೂಗಡ್ಡೆ ಮಂಡಿಯಲ್ಲಿ ಮೂಟೆ ಹೊರುತ್ತಿದ್ದರು. ನಾನು ಇಲ್ಲೇ ಸರ್ಕಾರಿ ಹಾಸ್ಟೆಲ್ಲಿನಲ್ಲಿದ್ದು ಬಿ.ಕಾಂ. ಓದಿದೆ. ಸೀಸನ್ನಿನಲ್ಲಿ ಕಾಲೇಜು ಬಿಟ್ಟ ಮೇಲೆ ಮಂಡಿಗೆ ಹೋಗಿ ಆಲೂಗಡ್ಡೆ ಆರಿಸುತ್ತಿದ್ದೆ. ನಮ್ಮ ಮನೆಯಲ್ಲಿ, ನಮ್ಮ ಅಪ್ಪನ ಮನೆಯಲ್ಲಿ, ಅವರಪ್ಪನ ಮನೆಯಲ್ಲಿ ಡಿಗ್ರಿ ಮುಗಿಸಿದ ಮೊದಲನೆಯವನು ನಾನು. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ, ಯಾಕೆಂದರೆ ಯಾರೂ ಸುಮ್ಮನೆ ಕೊಟ್ಟದ್ದಲ್ಲ. ಅಕೌಂಟೆನ್ಸಿಯಲ್ಲಿ ಒಂದಲ್ಲ, ಎರಡು ಸಲ ಫೇಲಾದೆ. ಆಮೇಲೆ ಪಾಸಾದೆ. ಈಗ ಚನ್ನರಾಯಪಟ್ಟಣದಲ್ಲಿ ಒಂದು ಸರ್ಕಾರಿ ಕಚೇರಿಯಲ್ಲಿ ಗುಮಾಸ್ತ. ಹಾಸನದಲ್ಲೇ ಮನೆ ಮಾಡಿಕೊಂಡು ದಿನಾ ಬಸ್ಸಿನಲ್ಲಿ ಓಡಾಡುತ್ತೇನೆ. ಭಾನುವಾರ ಮಾತ್ರ ಮೆಟ್ಟಿಲಿಗೆ.

ಮೆಟ್ಟಿಲಲ್ಲಿ ಬಹಳ ಜನ ಕೂರುತ್ತಾರಾದರೂ ಮಾತು ನಡೆಸುವವರು ಇಬ್ಬರೇ. ಒಬ್ಬರು ರಿಟೈರಾದ ಬಸ್ ಕಂಡಕ್ಟರು, ನಾವೆಲ್ಲ ಕಂಡಕ್ಟರಣ್ಣ ಅನ್ನುತ್ತೇವೆ. ಈಗಲೂ ಅವರು ಬಸ್ಸಿನ ಹಿಂದಿನ ಸೀಟಿಗೆ ಕೇಳಿಸುವ ಹಾಗೆಯೇ ಮಾತಾಡುವುದು. ಇನ್ನೊಬ್ಬ ಆಟೋ ಓಡಿಸುತ್ತಾನೆ, ಹಾಸ್ಟೆಲ್ಲಿನಲ್ಲಿ ನನ್ನ ರೂಮಿನವನೇ ಆಗಿದ್ದ. ಇವರಿಬ್ಬರ ನಡುವೆ ಕೂತರೆ ನಮ್ಮ ಕ್ಲಬ್ಬಿಗೆ ಬಂದುಹೋದ ಕೋಚುಗಳನ್ನು ತಕ್ಕಡಿಗೆ ಹಾಕುವುದು ಬಿಟ್ಟು ಬೇರೆ ಕೆಲಸವಿರುವುದಿಲ್ಲ. ಎದುರಿಗೆ ಆಟ ನಡೆಯುತ್ತಿದ್ದರೂ ಅಷ್ಟೇ.

ತಕ್ಕಡಿಯ ಒಂದು ಕಡೆ ಯಾವಾಗಲೂ ಮೇಷ್ಟ್ರು ಇರುತ್ತಾರೆ. ಕ್ಲಬ್ಬಿನ ಮೊದಲ ಕೋಚು, ಶಾಲೆಯೊಂದರಲ್ಲಿ ದೈಹಿಕ ಶಿಕ್ಷಕರಾಗಿದ್ದವರು. ಮೆಟ್ಟಿಲ ಮುಂದೆ ನಿಲ್ಲುವುದನ್ನು ಶುರು ಮಾಡಿದವರೂ ಅವರೇ. ಆಗ ನಮಗೆಲ್ಲ ಚೆಂಡು ಗೋಲಿನೊಳಗೆ ಹೋಗಬೇಕು ಅನ್ನುವುದು ಬಿಟ್ಟರೆ ಏನೂ ಗೊತ್ತಿರಲಿಲ್ಲ. ಮೇಷ್ಟ್ರು ಆಟ ಮುಗಿದ ಮೇಲೆ ಬಂದು, ನಮ್ಮದೇ ಚಪ್ಪಲಿಗಳನ್ನು ನೆಲದ ಮೇಲೆ ಜೋಡಿಸಿ, ಆಫ್‌ಸೈಡ್ ಅಂದರೆ ಇದು ಕಣ್ರಪ್ಪ ಅಂತ ತೋರಿಸುತ್ತಿದ್ದರು.

ಮೇಷ್ಟ್ರ ದೊಡ್ಡತನಕ್ಕೆಲ್ಲ ಕಿರೀಟ ಮಳೆಯಲ್ಲಿ ಮೈಸೂರಿನ ಟೀಮನ್ನು ಸೋಲಿಸಿದ ಫೈನಲ್ಲು. ಅರ್ಧ ಆಟ ಆದಾಗ ನಾವು ಹಿಂದಿದ್ದೆವು. ಕಪ್ಪು ಛತ್ರಿ ಹಿಡಿದು ಗೆರೆಯ ಅಂಚಿನಲ್ಲಿ ನಿಂತಿದ್ದ ಮೇಷ್ಟ್ರು ಛತ್ರಿ ಮಡಚಿ, ಅದರ ತುದಿಯಲ್ಲಿ ಕೆಸರಿನ ಮೇಲೆ ಗೆರೆ ಎಳೆದು, ಯಾರು ಎಲ್ಲಿ ನಿಲ್ಲಬೇಕೆಂದು ಹುಡುಗರಿಗೆ ತೋರಿಸಿದರು. ಆಮೇಲೆ ಗೆದ್ದೆವು. ಮಳೆ ಬಂದಾಗ ನಾನು ಆಟ ನೋಡುತ್ತಿದ್ದದ್ದು ಮೈದಾನದ ಪಕ್ಕದ ಹಾಸ್ಟೆಲ್ಲಿನ ಕಿಟಕಿಯಿಂದ, ಅದನ್ನೂ ಅಲ್ಲಿಂದಲೇ ನೋಡಿದ್ದೆ. ಕಂಡಕ್ಟರಣ್ಣ ಇಲ್ಲೇ ಮೆಟ್ಟಿಲಲ್ಲಿ, ತಲೆಗೆ ಪ್ಲಾಸ್ಟಿಕ್ ಚೀಲ ಹಾಕಿಕೊಂಡು ನೋಡಿದ್ದರು. ಆ ಛತ್ರಿಯ ಕಥೆ ಹೇಳದೆ ಇರುವ ಭಾನುವಾರವಿಲ್ಲ.

ಮೇಷ್ಟ್ರಿಗೆ ವರ್ಗವಾದ ಮೇಲೆ ಬಂದವರು ಸೇನೆಯಿಂದ ನಿವೃತ್ತರಾದವರು. ಮೊದಲು ಹುಡುಗರಿಗೆ ಓಟ, ಕಸರತ್ತು ಮಾಡಿಸಲು ಮೇಷ್ಟ್ರ ಜೊತೆಗಿದ್ದವರು. ಅವರನ್ನು ಒಂದೇ ವರ್ಷಕ್ಕೆ ಓಡಿಸಿದೆವು. ಮೆಟ್ಟಿಲ ಮುಂದೆ ನಿಂತು ಅವರು ಎರಡೇ ಮಾತು ಹೇಳುತ್ತಿದ್ದರು, ಹೌದು ಅಥವಾ ಇಲ್ಲ. ಕಂಡಕ್ಟರಣ್ಣ ಒಂದು ದಿನ ಅವರ ಮುಖಕ್ಕೇ, "ಸಾ, ಒಂದ್ ಛತ್ರಿನಾದ್ರೂ ತಗಳಿ, ಬುದ್ಧಿ ಬತ್ತದೇನೋ" ಅಂದಿದ್ದರು. ಎಲ್ಲರೂ ನಕ್ಕೆವು. ಮಿಲಿಟರಿಯವರು ಸುಮ್ಮನೆ ಕೇಳಿಸಿಕೊಂಡು ಹೋದರು.

ಆಮೇಲೆ ಬಂದವರು ಯಾರೂ ಬಾಳಲಿಲ್ಲ. ಕೊನೆಗೆ ಬಂದವನು ಹೊಳೆನರಸೀಪುರದ ಹುಡುಗ. ಹುಡುಗ ಅಂದರೆ ನನಗಿಂತ ಚಿಕ್ಕವನು, ಅಷ್ಟೆ. ಅಲ್ಲಿ ಮೊಬೈಲ್ ರಿಪೇರಿ ಅಂಗಡಿ ಇಟ್ಟುಕೊಂಡಿದ್ದ. ಬೆಳಗಿನ ರೈಲಿನಲ್ಲಿ, ಬಲೆಚೀಲದ ತುಂಬ ಚೆಂಡು ಹೊತ್ತುಕೊಂಡು ಹಾಸನಕ್ಕೆ ಬರುತ್ತಿದ್ದ. ಚೆಂಡನ್ನು ಗಾಳಿಯಲ್ಲಿ ಒದೆಯುವುದು ಬಿಟ್ಟು ಒಬ್ಬರಿಂದೊಬ್ಬರಿಗೆ ನೆಲದ ಮೇಲೇ ಕೊಟ್ಟುಕೊಂಡು ಹೋಗುವುದನ್ನು ಹುಡುಗರಿಗೆ ಕಲಿಸಿದ. ದಾರಿ ಇಲ್ಲದಿದ್ದರೆ ಹಿಂದಕ್ಕೆ, ಗೋಲ್‌ಕೀಪರಿಗೇ ಕೊಟ್ಟು ಮತ್ತೆ ಶುರು ಮಾಡಿ ಅಂದ. ನಮ್ಮ ಮೆಟ್ಟಿಲಿಗೆ ಇದೊಂದು ಆಗಲೇ ಇಲ್ಲ.

"ಹಿಂದುಕ್ಕೆ ಯಾಕ್ ಒದೀತಾವ್ರ್ಲಾ ಇವ್ರು," ಅಂತ ಕಂಡಕ್ಟರಣ್ಣ ಎದ್ದು ನಿಲ್ಲುತ್ತಿದ್ದರು. "ಆಡಕ್ ಬಂದವ್ರೋ ಮನೇಗ್ ಓಗಕ್ ಬಂದವ್ರೋ. ಮೇಷ್ಟ್ರು ಕಾಲ್ದಲ್ಲಿ ಚೆಂಡು ಒಂದ್ಸಲ ಮೇಲುಕ್ಕೋದ್ರೆ ಕೆಳೀಕ್ ಬತ್ತದಾ ಅಂತ ಕಾಯ್ತಿದ್ದೊ."

"ಕಾಯ್ತಿದ್ರಿ, ಕೆಳಗೆ ಬಂದಾಗ ಅದು ಎದುರು ಟೀಮಿನವರ ಕಾಲಿಗೆ ಸಿಗ್ತಿತ್ತು," ಅಂದೆ.

"ನೀನ್ ಬಿಡು, ಡಿಗ್ರಿ ಮಾಡ್ದೋನು," ಅಂದ ನನ್ನ ಆಟೋ ಗೆಳೆಯ. "ನಿಂಗೆ ಸೋತಿದ್ದೂ ಗೆದ್ದಂಗೇ ಕಾಣ್ತದೆ."

ನಾನು ಹೇಳಿದೆ, ಎರಡು ಸಲ ಫೇಲಾದವನು ನಾನು, ಅದಕ್ಕೆ ಯಾರೂ ನಮ್ಮ ಲೆಕ್ಚರರನ್ನು ಬದಲಾಯಿಸಲಿಲ್ಲ, ಇವನಿಗೂ ಒಂದು ವರ್ಷ ಟೈಮ್ ಕೊಡಿ ಅಂತ. ಆ ವರ್ಷ ನಮ್ಮ ಹುಡುಗರು ಗೆದ್ದದ್ದು ಕಡಿಮೆ, ಹೌದು. ಆದರೆ ದೊಡ್ಡದಾಗಿ ಸೋತದ್ದೂ ಇಲ್ಲ. ಅದರ ಹಿಂದಿನ ವರ್ಷ ನಮ್ಮನ್ನು ಚಚ್ಚಿ ಹಾಕಿದ್ದ ಟೀಮುಗಳು ಈಗ ಕೊನೆಯ ನಿಮಿಷದವರೆಗೆ ಬೆವರುತ್ತಿದ್ದವು. ಆಟದ ಕಡೆ ಕಣ್ಣಿಟ್ಟಿದ್ದರೆ ಯಾರಿಗಾದರೂ ಕಾಣುತ್ತಿತ್ತು. ಇವರ ಕಣ್ಣು ಇದ್ದದ್ದು ಅಂಚಿನಲ್ಲಿ ಕೈಕಟ್ಟಿ ನಿಂತ ಆ ಹುಡುಗನ ಮೇಲೆ. ಅವನು ಕೂತರೆ ಮೇಷ್ಟ್ರು ಕೂರುತ್ತಿರಲಿಲ್ಲ, ನಿಂತರೆ ಮೇಷ್ಟ್ರು ಹಾಗೆ ನಿಲ್ಲುತ್ತಿರಲಿಲ್ಲ, ನೀರು ಕುಡಿದರೆ ಮೇಷ್ಟ್ರು ಹುಡುಗರು ಕುಡಿದ ಮೇಲೇ ಕುಡಿಯುತ್ತಿದ್ದರು.

ಒಂದು ಆಟ ಸೋತ ಮೇಲೆ ಕ್ಲಬ್ಬಿನ ಅಧ್ಯಕ್ಷರು ಮೆಟ್ಟಿಲಿಗೇ ಬಂದು ಹೇಳಿದರು, ಬರುವ ತಿಂಗಳ ಸಭೆಯಲ್ಲಿ ಈ ಕೋಚನ್ನು ಇಟ್ಟುಕೊಳ್ಳಬೇಕೋ ಬಿಡಬೇಕೋ ತೀರ್ಮಾನ ಮಾಡೋಣ ಅಂತ. ಅವರ ಮಾತು ಮುಗಿಯುವ ಮೊದಲೇ ಕಂಡಕ್ಟರಣ್ಣ, "ತೀರ್ಮಾನ ಏನ್ ಬಂತು, ಮೇಷ್ಟ್ರುನ್ನೇ ಕರ್ಕೊಂಬರನ. ಈಗ ರಿಟೈರ್ ಆಗಿ ರುದ್ರಪಟ್ಟಣದಲ್ಲವ್ರೆ" ಅಂದರು. ಎಲ್ಲರ ಮುಖವೂ ಅರಳಿತು. ಹೊಳೆನರಸೀಪುರದ ಹುಡುಗ ಆಗ ಅಲ್ಲೇ, ಕೂಗಿದರೆ ಕೇಳುವಷ್ಟು ದೂರದಲ್ಲಿ, ಚೆಂಡುಗಳನ್ನು ಚೀಲಕ್ಕೆ ತುಂಬುತ್ತಿದ್ದ. ಕಂಡಕ್ಟರಣ್ಣನ ದನಿ ಎಂಥದ್ದು ಅಂತ ಮೊದಲೇ ಹೇಳಿದೆನಲ್ಲ.

ಮುಂದಿನ ರಜೆಯ ದಿನ ಒಂದು ವ್ಯಾನು ಮಾಡಿಕೊಂಡು ರುದ್ರಪಟ್ಟಣಕ್ಕೆ ಹೊರಟರು. ನಾನೂ ಹತ್ತಿದೆ. ಅಲ್ಲಿ ಒಬ್ಬನಾದರೂ ಬೇಡ ಅನ್ನುವವನು ಇರಲಿ ಅಂತಲೇ ಹತ್ತಿದ್ದು, ಹಾಗಂತ ವ್ಯಾನಿನಲ್ಲೇ ಹೇಳಿದೆ. "ಬಾ ಬಾ, ಅಪಶಕುನಕ್ಕೆ ಒಬ್ಬ ಇರ್ಬೇಕು" ಅಂತ ಜಾಗ ಬಿಟ್ಟರು.

ಮೇಷ್ಟ್ರ ಮನೆಯ ಜಗುಲಿಯಲ್ಲಿ ಚಾಪೆ ಹಾಸಿ ಕೂರಿಸಿದರು. ಪಕ್ಕದ ಮನೆಯಲ್ಲಿ ಯಾರೋ ಮಕ್ಕಳಿಗೆ ಸಂಗೀತದ ಸರಳೆ ಹೇಳಿಕೊಡುತ್ತಿದ್ದರು. ತಪ್ಪಾದರೆ ನಿಲ್ಲಿಸಿ ಅದೇ ಸಾಲನ್ನು ಮತ್ತೆ ಹಾಡಿಸುತ್ತಿದ್ದರು. ಮೇಷ್ಟ್ರು ಬಡವಾಗಿದ್ದರು, ಆದರೆ ಕಣ್ಣು, ಕಿವಿ, ಮಾತು ಎಲ್ಲ ಚುರುಕಾಗಿತ್ತು. ನಮ್ಮಲ್ಲಿ ಒಬ್ಬೊಬ್ಬರನ್ನೂ ಗುರುತು ಹಿಡಿದರು, ಕಂಡಕ್ಟರಣ್ಣನ ಎರಡನೇ ಮಗಳ ಮದುವೆಗೆ ಬಂದದ್ದನ್ನೂ ನೆನೆಸಿಕೊಂಡರು. ನನ್ನನ್ನು ನೋಡಿ, "ನೀನು ಹಾಸ್ಟೆಲ್ ಕಿಟಕಿ ಅಲ್ವೇನಪ್ಪ" ಅಂದರು.

ಕಾಫಿ ಆದ ಮೇಲೆ ಕಂಡಕ್ಟರಣ್ಣ ವಿಷಯಕ್ಕೆ ಬಂದರು. "ನೀವ್ ಬರ್ಲೇಬೇಕು ಮೇಷ್ಟ್ರೇ. ಅವತ್ತು ಮಳೇಲಿ ಮೈಸೂರೋರ್ನ ಮಲುಗ್ಸುದ್ರಲ್ಲ, ಆ ಛತ್ರಿ ಇನ್ನೂ ನಮ್ ಕಣ್ಣಲ್ಲೈತೆ."

ಮೇಷ್ಟ್ರು ಲೋಟ ಕೆಳಗಿಟ್ಟರು. "ಆ ಫೈನಲ್ಲಿಗೆ ನಾನೆಲ್ಲಿದ್ದೆ? ಅವತ್ತು ಅರಕಲಗೂಡಲ್ಲಿ ನನಗೆ ಎಲೆಕ್ಷನ್ ಡ್ಯೂಟಿ ಟ್ರೈನಿಂಗು. ತಪ್ಪಿಸ್ಕೊಂಡ್ರೆ ನೋಟೀಸು ಕೊಡ್ತಿದ್ರು. ಮಿಲಿಟರಿಯವರಿಗೆ ಒಪ್ಪಿಸಿ ಬಸ್ ಹತ್ತಿದೆ."

ಪಕ್ಕದ ಮನೆಯ ಮಕ್ಕಳು ಅದೇ ಸಾಲನ್ನು ಮತ್ತೊಮ್ಮೆ ಹಾಡಿದರು.

"ಛತ್ರಿ ಇತ್ತಲ್ಲ ಮೇಷ್ಟ್ರೇ," ಅಂದ ಆಟೋ ಗೆಳೆಯ, ಬಹಳ ಸಣ್ಣ ದನಿಯಲ್ಲಿ.

"ಛತ್ರಿ ನಂದೇ. ಮೋಡ ಆಗಿತ್ತು, ಇಟ್ಕೊಳಿ ಅಂತ ಅವರ ಕೈಗೆ ಕೊಟ್ಟೆ. ಕೆಸರಲ್ಲಿ ಕುಕ್ಕಿ ತುದಿ ಬಗ್ಗಿಸ್ಕೊಂಡು ತಂದುಕೊಟ್ರು. ಹೊಸ ಛತ್ರಿ ಕಣಪ್ಪ ಅದು."

ನಾನು ಆ ದಿನವನ್ನು ಮನಸ್ಸಿನಲ್ಲಿ ತಿರುಗಿಸಿ ನೋಡಿದೆ. ಕಿಟಕಿಯಿಂದ ನನಗೆ ಕಂಡದ್ದು ಛತ್ರಿ. ಸುರಿಯುವ ಮಳೆಯಲ್ಲಿ, ತಲೆಯ ಮೇಲೆ ಚೀಲ ಎಳೆದುಕೊಂಡು ಕೂತವರಿಗೂ ಕಂಡದ್ದು ಛತ್ರಿಯೇ. ದಿನಾ ಆ ಛತ್ರಿ ಹಿಡಿಯುತ್ತಿದ್ದವರು ಮೇಷ್ಟ್ರು, ಹಾಗಾಗಿ ಅವತ್ತೂ ಅವರೇ ಆಗಿಬಿಟ್ಟರು. ಗೆದ್ದ ಗಲಾಟೆಯಲ್ಲಿ ಯಾರೂ ಮೆಟ್ಟಿಲ ಮುಂದೆ ನಿಂತಿರಲಿಲ್ಲ. ಆವತ್ತು ಆಡಿದ ಹುಡುಗರು ಕೆಲಸ ಹುಡುಕಿಕೊಂಡು ಅಲ್ಲೊಬ್ಬ ಇಲ್ಲೊಬ್ಬ ಆದರು. ಇಷ್ಟು ವರ್ಷ ನಾವು ಒಬ್ಬರ ಕೆಲಸವನ್ನು ಹೊಗಳಿಕೊಂಡು, ಆ ಕೆಲಸ ಮಾಡಿದವರನ್ನೇ ಬೈದು ಕಳಿಸಿದ್ದೆವು.

ಮೇಷ್ಟ್ರು ಬರುವುದಿಲ್ಲ ಅಂದರು. ಎದ್ದು ಹೊರಡುವಾಗ ಕೇಳಿದರು, "ಇನ್ನೂ ಕೋಚನ್ನ ಮೆಟ್ಟಿಲ ಮುಂದೆ ನಿಲ್ಲಿಸ್ತೀರಾ?"

"ನೀವ್ ಹಾಕ್ಕೊಟ್ಟ ಪದ್ಧತಿ, ಬುಡಾದುಂಟಾ ಮೇಷ್ಟ್ರೇ," ಅಂದರು ಕಂಡಕ್ಟರಣ್ಣ.

"ನಾನು ನಿಂತಿದ್ದು ನಿಮಗೆ ಆಟ ಹೇಳ್ಕೊಡೋದಕ್ಕೆ. ಇಷ್ಟು ವರ್ಷ ಆಯ್ತು, ಇನ್ನೂ ಕಲ್ತಿಲ್ವಾ?"

ವ್ಯಾನು ಹೊರಟಿತು. ಇನ್ನಾದರೂ ಇವರಿಗೆ ತಿಳಿಯಿತಲ್ಲ ಅಂತ ನಾನು ನೆಮ್ಮದಿಯಿಂದ ಕೂತಿದ್ದೆ. ಅರಕಲಗೂಡು ಬಂತು. ಅಲ್ಲಿ ಟೀಗೆ ಇಳಿದಾಗ ಕಂಡಕ್ಟರಣ್ಣ ನಿಟ್ಟುಸಿರು ಬಿಟ್ಟು, "ವಯಸ್ಸಾಯ್ತು ಪಾಪ. ಎಲ್ಲಾ ಮರ್ತ್‌ಬುಟ್ಟವ್ರೆ" ಅಂದರು.

ನಾನು ಅವರ ಕಡೆ ತಿರುಗಿದೆ. "ಏನಣ್ಣ ಮರ್ತಿರೋದು? ನಿಮ್ಮ ಎರಡನೇ ಮಗಳ ಮದುವೆಗೆ ಬಂದಿದ್ದು ನೆನಪಿದೆ, ನನ್ನ ಕಿಟಕಿ ನೆನಪಿದೆ. ಆ ಫೈನಲ್ ಒಂದು ಮರ್ತೋಯ್ತಾ?"

"ಮರ್ತಿಲ್ಲ ಕಣಣ್ಣ," ಅಂದ ಆಟೋ ಗೆಳೆಯ ಅವರಿಗೆ. ನನಗೊಬ್ಬ ಜೊತೆ ಸಿಕ್ಕ ಅಂದುಕೊಂಡೆ. ಅವನು ಮುಂದುವರಿಸಿದ, "ದೊಡ್ ಮನ್ಸ ಅವರ್ದು. ತಾನ್ ಗೆಲ್ಸಿದ್ ಆಟನ ಇನ್ನೊಬ್ರ್ ತಲೆಗ್ ಕಟ್ಟಿ ಅವ್ರ್ ಮರ್ಯಾದೆ ಉಳುಸ್ತಾವ್ರೆ. ಈಗಿನ್ ಕೋಚ್‌ಗಳು ಯಾರಾರಾ ಇಂಗ್ ಏಳ್ತಾರಾ?"

"ಊ ಕಣ್ಲಾ. ಅದೂ ಇರ್ಬೋದು," ಅಂದರು ಕಂಡಕ್ಟರಣ್ಣ. ಹಾಸನ ತಲುಪುವ ಹೊತ್ತಿಗೆ ಮೇಷ್ಟ್ರು ಹೋಗುವಾಗ ಇದ್ದದ್ದಕ್ಕಿಂತ ದೊಡ್ಡವರಾಗಿದ್ದರು.

ಮಾರನೆಯ ವಾರ ಕಚೇರಿ ಮುಗಿಸಿ ಚನ್ನರಾಯಪಟ್ಟಣದಿಂದ ಶ್ರವಣಬೆಳಗೊಳದ ಬಸ್ಸು ಹತ್ತಿದೆ. ಮಿಲಿಟರಿಯವರು ಅಲ್ಲಿ ಯಾತ್ರಿಕರು ಇಳಿಯುವ ಒಂದು ವಸತಿಗೃಹ ನೋಡಿಕೊಳ್ಳುತ್ತಾರೆ ಅಂತ ಕೇಳಿದ್ದೆ. ಅವರು ಬೆಟ್ಟ ಹತ್ತಿ ಇಳಿದು ಸುಸ್ತಾಗಿ ಬಂದ ಒಂದು ಕುಟುಂಬಕ್ಕೆ ಕೋಣೆ ತೋರಿಸುತ್ತಿದ್ದರು. ಕೆಲಸ ಮುಗಿಸಿ ಬಂದು ನನ್ನ ಎದುರು ನೆಟ್ಟಗೆ ಕೂತರು. ನಾನು ಬಂದ ವಿಷಯ ಹೇಳಿದೆ.

"ಹೌದು, ನಾನೇ ನಿಂತಿದ್ದು," ಅಂದರು.

"ಹಂಗಂತ ಒಂದು ಮಾತು ಹೇಳಬಹುದಿತ್ತಲ್ಲ ಸಾರ್. ಛತ್ರಿ ಅಂತ ಹಂಗಿಸಿದಾಗಲಾದ್ರೂ."

"ಯಾರ್ ಕೇಳುದ್ರು? ಎಲ್ಲಾರೂ ಮೇಷ್ಟ್ರು ಇದ್ದಿದ್ರೆ ಅಂತ್ಲೇ ಶುರು ಮಾಡೋರು. ಮೇಷ್ಟ್ರು ನಂಗೆ ಆಟ ಕಲ್ಸುದೋರು. ಅವ್ರ ಎಸ್ರು ಕೆಡ್ಸಿ ನಾನ್ ಉಳ್ಕೋಬೇಕಾಗಿತ್ತಾ?"

ಸಭೆಗೆ ಬಂದು ಇದನ್ನು ಹೇಳಿ ಅಂತ ಬೇಡಿಕೊಂಡೆ. ಈಗಿರುವ ಹುಡುಗನನ್ನಾದರೂ ಉಳಿಸಬಹುದು ಅಂದೆ. ಅವರು ನಕ್ಕರು. "ಬತ್ತೀನಿ ಅಂದ್ಕೋ. ನಿಂತ್ಕೊಳ್ಳಾದ್ ಎಲ್ಲಿ? ಅದೇ ಮೆಟ್ಲ ಮುಂದ್ಕೇ ತಾನೆ?" ಆಮೇಲೆ ನನ್ನನ್ನು ಬಸ್ಸಿನ ತನಕ ಬಂದು ಕಳಿಸಿದರು.

ಇಷ್ಟರಲ್ಲಿ ನಮ್ಮ ಹೊಳೆನರಸೀಪುರದ ಹುಡುಗ ಅಧ್ಯಕ್ಷರಿಗೆ ಫೋನು ಮಾಡಿ ಒಂದೇ ಮಾತು ಹೇಳಿದ್ದ. ಇರು ಅಂದರೆ ಇರುತ್ತೇನೆ, ಇಲ್ಲಿ ಹುಡುಗರು ಒಂದು ಹದಕ್ಕೆ ಬಂದಿದ್ದಾರೆ, ಬಿಟ್ಟು ಹೋಗಲು ಮನಸ್ಸಿಲ್ಲ. ಮೆಟ್ಟಿಲ ಮುಂದೆ ಮಾತ್ರ ಇನ್ನು ನಿಲ್ಲುವುದಿಲ್ಲ. ಕೇಳುವುದಿದ್ದರೆ ಪ್ರಾಕ್ಟೀಸಿಗೆ ಬಂದು ನೋಡಿ, ಆಮೇಲೆ ಕೇಳಿ.

ಅಧ್ಯಕ್ಷರು ಒಳ್ಳೆಯವರು, ಈ ಮಾತನ್ನು ಸಭೆಯ ಮುಂದಿಟ್ಟರು. ಸಭೆ ಅಂದರೆ ಮತ್ತೇನಲ್ಲ, ಅದೇ ಮೆಟ್ಟಿಲು, ಅದೇ ನಾವು. ನಾನು ಎದ್ದು ನಿಂತು ಎಲ್ಲವನ್ನೂ ಹೇಳಿದೆ. ಮೇಷ್ಟ್ರು ಹೇಳಿದ್ದು, ಮಿಲಿಟರಿಯವರು ಒಪ್ಪಿಕೊಂಡದ್ದು, ಛತ್ರಿ ಯಾರ ಕೈಯಲ್ಲಿತ್ತು ಅನ್ನುವುದು. ಎದುರಿಗಿಲ್ಲದ ಒಬ್ಬರ ಜೊತೆ ಎದುರಿಗಿರುವ ಹುಡುಗನನ್ನು ಕುಸ್ತಿಗೆ ಬಿಡಬೇಡಿ ಅಂದೆ. ಅವನ ಆಟವನ್ನು ಆಟ ಅಂತ ಒಂದು ವರ್ಷ ನೋಡಿ ಅಂದೆ. ನಾನು ಕಚೇರಿಯಲ್ಲಿ ಟಿಪ್ಪಣಿ ಬರೆದು ಅಭ್ಯಾಸ ಆದವನು, ಒಂದಾದ ಮೇಲೆ ಒಂದು ಕ್ರಮವಾಗಿಯೇ ಹೇಳಿದೆ. ಹಿಂದಿನ ಸಾಲಿನ ಕೆಲವರು ತಲೆಯಾಡಿಸಿದರು ಕೂಡ.

ಕಂಡಕ್ಟರಣ್ಣ ಎದ್ದರು. ಅವರಿಗೆ ಕೋಪ ಬಂದಿರಲಿಲ್ಲ, ಬೇಜಾರಾಗಿತ್ತು. "ನೋಡಪ್ಪ, ನಾನು ಓದ್ದೋನಲ್ಲ. ಮನೇಲಿ ನನ್ ಮಾತ್ ಕೇಳೋರಿಲ್ಲ. ಡಿಪೋನಲ್ಲೂ ಇರ್ಲಿಲ್ಲ. ಇಲ್ಲಿ ಒಬ್ಬ ಮನ್ಸ ಬಂದು ನನ್ ಮುಂದೆ ನಿಂತು, ಇಂಗಿಂಗಾಯ್ತು ಅಂತ ಏಳ್ತಾನೆ. ಅದೊಂದೂ ಬ್ಯಾಡ ಅಂದ್ರೆ ನಾನ್ ಯಾಕ್ ಬರ್ಲಿ ಇಲ್ಲಿಗೆ?"

ಅಧ್ಯಕ್ಷರು ಕೈ ಎತ್ತಿ ಅಂದಾಗ ಹೆಚ್ಚಿನವರು ಮೆಟ್ಟಿಲ ಪದ್ಧತಿಯ ಕಡೆಗೇ ಎತ್ತಿದರು. ತಲೆಯಾಡಿಸಿದವರ ಕೈಗಳೂ ಅದರಲ್ಲಿದ್ದವು. ಹುಡುಗನಿಗೆ ಸುದ್ದಿ ಮುಟ್ಟಿಸಿದವರು ಅಧ್ಯಕ್ಷರು. ಮುಂದಿನ ಭಾನುವಾರ ಬೆಳಗಿನ ರೈಲಿನಲ್ಲಿ ಅವನು ಬರಲಿಲ್ಲ.

ನಾನು ಹೊಳೆನರಸೀಪುರಕ್ಕೆ ಹೋಗಿ ಅವನ ಅಂಗಡಿಯಲ್ಲಿ ಕೂತೆ. ಯಾರದೋ ಫೋನು ಬಿಚ್ಚಿ ಇಟ್ಟುಕೊಂಡಿದ್ದ. ಕ್ಷಮಿಸು ಅನ್ನಲು ಹೋದರೆ, "ನೀವ್ಯಾಕ್ ಸಾರ್ ಅದೆಲ್ಲ" ಅಂತ ತಡೆದ. ಕ್ಲಬ್ಬಿನ ಹುಡುಗರ ಬಗ್ಗೆ ಮಾತ್ರ ಕೇಳಿದ. ಗೋಲ್‌ಕೀಪರ್ ಹುಡುಗ ಬೆಳಿಗ್ಗೆ ಏನೂ ತಿನ್ನದೆ ಬರುತ್ತಾನೆ, ಆಡಿಸುವ ಮೊದಲು ಏನಾದರೂ ತಿನ್ನಿಸಿ ಅಂದ. ಇಂಥದ್ದನ್ನು ಮೆಟ್ಟಿಲ ಮುಂದೆ ಅವನು ಯಾವತ್ತೂ ಹೇಳಿರಲಿಲ್ಲ, ನಾವೂ ಕೇಳಿರಲಿಲ್ಲ.

ಆ ಸೀಸನ್ನು ಮುಗಿಯುವುದರೊಳಗೆ ಅವನು ತನ್ನ ಊರಿನ ಟೀಮಿಗೆ ಹೇಳಿಕೊಡಲು ಶುರು ಮಾಡಿದ. ಆ ಟೀಮು ನಮ್ಮ ಮೈದಾನಕ್ಕೆ ಆಡಲು ಬಂದ ದಿನ ನಮ್ಮ ಹೊಸ ಕೋಚು ಅಂಚಿನಲ್ಲಿ ನಿಂತು ಮೆಟ್ಟಿಲ ಕಡೆಗೇ ನೋಡುತ್ತಿದ್ದರು. ಆಟ ಶುರುವಾಗಿ ಸ್ವಲ್ಪ ಹೊತ್ತಿಗೆ ಕಂಡಕ್ಟರಣ್ಣ ನನ್ನ ಭುಜ ತಟ್ಟಿ, "ಏನೇ ಏಳು, ಆ ಹೊಳೆನರಸೀಪುರದೋನು ಇದ್ದಾಗ ನಮ್ ಹುಡುಗ್ರು ಚೆಂಡು ಬುಟ್‌ಕೊಡ್ತಿರ್ಲಿಲ್ಲ. ಇಂಗ್ ಮ್ಯಾಲ್ಮ್ಯಾಲಕ್ಕೆ ಒದೀತಿದ್ರಾ?" ಅಂದರು.

ನಾನು ಎದ್ದೆ. ಮೈದಾನವನ್ನು ಸುತ್ತು ಹಾಕಿ ಪೂರ್ವದ ಬದಿಗೆ ಹೋದೆ. ಅಲ್ಲಿ ಮೆಟ್ಟಿಲಿಲ್ಲ, ನೆರಳಿಲ್ಲ, ಬಿಸಿಲು ನೇರ ಕಣ್ಣಿಗೆ ಹೊಡೆಯುತ್ತದೆ. ಹೊಳೆನರಸೀಪುರದಿಂದ ಬಂದಿದ್ದ ಒಂದಷ್ಟು ಜನ ಟವೆಲ್ಲು ತಲೆಗೆ ಹಾಕಿಕೊಂಡು ನೆಲದ ಮೇಲೆ ಕೂತಿದ್ದರು. ಅವರ ಪಕ್ಕ ಕೂತೆ. ಅವರ ಹುಡುಗರು ಚೆಂಡನ್ನು ನೆಲದ ಮೇಲೇ ದಾಟಿಸುತ್ತಿದ್ದರು, ದಾರಿ ಸಿಗದಾಗ ಹಿಂದಕ್ಕೆ ಗೋಲ್‌ಕೀಪರಿಗೆ ಕೊಟ್ಟರು.

ನನ್ನ ಪಕ್ಕದಲ್ಲಿದ್ದವನು ಕೆಮ್ಮಿ, ಮಣ್ಣಿಗೆ ಉಗಿದು, ನನ್ನ ಕಡೆ ತಿರುಗಿದ. "ನೋಡುದ್ರಾ ಸಾ, ಹಿಂದುಕ್ಕೆ ಕೊಡ್ತಾವ್ರೆ. ನಮ್ ಹಳೇ ಕೋಚು ಇದ್ದಿದ್ರೆ ಕಪಾಳಕ್ಕೆ ಬಿಡೋರು. ಅವ್ರ್ ಕಾಲ್ದಲ್ಲಿ ನೋಡ್ಬೇಕಿತ್ತು ನೀವು."

"ನಿಮ್ಮ ಈ ಕೋಚು ಒಳ್ಳೆಯವನು ಕಣ್ರಿ," ಅಂದೆ. "ಒಂದು ವರ್ಷ ಬಿಟ್ಟು ನೋಡಿ."

ಅವನು ನನ್ನನ್ನು ಮೇಲಿಂದ ಕೆಳಗೆ ನೋಡಿ, ಆಚೆ ಕೂತವನಿಗೆ, "ಈ ಸಾ ಹಾಸನದೋರು ಕಣ್ಲಾ. ನಾವ್ ಸೋಲ್ಲಿ ಅಂತ್ಲೇ ಅವುನ್ನ ಒಗುಳ್ತಾವ್ರೆ" ಅಂದ. ನಂತರ ಸ್ವಲ್ಪ ಸರಿದು ಕೂತ. ನಾನು ಕಣ್ಣಿಗೆ ಕೈ ಅಡ್ಡ ಹಿಡಿದುಕೊಂಡು ಆಟ ನೋಡಿದೆ.